ಗೇರ್‌ಬಾಕ್ಸ್ ಇಳಿಸದೆ ಡಂಪರಿನ ಗೇರ್ ತಡ ಸರಿಮಾಡಿದ ಅನುಭವ

ನಾನು ಹೋಗುವ ಹೊತ್ತಿಗೆ ಗೇರ್‌ಬಾಕ್ಸ್ ಇಳಿಸುವುದು ಅಂತ ತೀರ್ಮಾನ ಆಗಿಬಿಟ್ಟಿತ್ತು. ಕ್ರೇನಿಗೂ ಹೇಳಿದ್ದರು. ಬಿಚ್ಚುವಾಗ ಜೊತೆಗಿದ್ದು ಏನೇನು ಸಾಮಾನು ಬೇಕು ಅಂತ ಪಟ್ಟಿ ಮಾಡಿಕೊಡಲಿ ಎಂದು ನನ್ನನ್ನು ಕರೆಸಿದ್ದರು. 'ಸ್ವಲ್ಪ ಟೈಮ್ ಕೊಡಿ, ಬಿಚ್ಚುವ ಮೊದಲು ಗಾಡಿ ಓಡುವುದನ್ನು ನೋಡುತ್ತೇನೆ' ಅಂತ ಕೇಳಿಕೊಂಡೆ. ಫೋರ್‌ಮನ್‌ಗೆ ಅಷ್ಟು ಸಮಾಧಾನ ಆಗಲಿಲ್ಲ. ಆದರೂ ಒಪ್ಪಿದರು.

ಸುಮ್ನೆ ಹಟ ಹಿಡಿದು ಕೇಳಿದ್ದಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಗಣಿಯ ಶೆಡ್ಡಿನಲ್ಲಿ ಬಿಚ್ಚುವುದು ನನಗೆ ಯಾವತ್ತೂ ಇಷ್ಟದ ಕೆಲಸ ಅಲ್ಲ. ಅದರೊಳಗಿನ ವಾಲ್ವುಗಳು ಕೂದಲೆಳೆಗಿಂತ ಕಡಿಮೆ ಸಂದಿಯಲ್ಲಿ ಜಾರುವಂಥವು. ಒಂದು ಚಿಟಿಕೆ ಕಲ್ಲಿನ ಧೂಳು ಒಳಗೆ ಬಿದ್ದರೂ ಸಾಕು, ಇದ್ದ ದೋಷ ಹೋಗಿ ಇಲ್ಲದ ದೋಷ ಬರುತ್ತದೆ. ಸುಣ್ಣದಕಲ್ಲಿನ ಗಣಿಯಲ್ಲಿ ಧೂಳಿಲ್ಲದ ಜಾಗ ಎಲ್ಲಿದೆ? ಅದಕ್ಕೇ, ಒಳಗೇ ಕೆಟ್ಟಿದೆ ಅಂತ ಅಳತೆ ಹೇಳುವವರೆಗೂ ನಾನು ಸ್ಪ್ಯಾನರ್ ಎತ್ತುವುದಿಲ್ಲ.

ಇದು ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಒಂದು ಗಣಿ. ಕಾಗಿಣಾ ನದಿಯ ಸುತ್ತಮುತ್ತ ಇರುವ ಸುಣ್ಣದಕಲ್ಲೇ ಆ ಭಾಗದ ಸಿಮೆಂಟ್ ಕಾರ್ಖಾನೆಗಳಿಗೆ ಜೀವ. ಗಾಡಿ 60 ಟನ್ ಹೊರುವ ಡಂಪರ್. ಖಾಲಿ ಇದ್ದಾಗಲೇ 40 ಟನ್ ದಾಟುತ್ತದೆ. ತುಂಬಿದಾಗ ಒಟ್ಟು ತೂಕ 100 ಟನ್ ಮೀರುತ್ತದೆ. ಕ್ಲಚ್ ಪೆಡಲ್ ಇಲ್ಲ. ಆಪರೇಟರ್ ಲಿವರನ್ನು ಮುಂದಕ್ಕೆ ಹಾಕಿದರೆ ಆಯ್ತು, 1ರಿಂದ 6ರವರೆಗೆ ಗೇರುಗಳನ್ನು ಕಂಟ್ರೋಲರ್, ಅಂದರೆ ಗೇರ್‌ಬಾಕ್ಸಿನ ಸಣ್ಣ ಕಂಪ್ಯೂಟರ್, ತಾನೇ ಬದಲಿಸುತ್ತದೆ. ಬೆಂಗಳೂರಿನಲ್ಲಿ ವಜ್ರ ಬಸ್ಸಿನಲ್ಲಿ ಓಡಾಡಿದವರಿಗೆ ಇಂಥ ಗೇರ್‌ಬಾಕ್ಸಿನ ನಡಿಗೆ ಗೊತ್ತಿರುತ್ತದೆ. ತತ್ವ ಅದೇ, ಗಾತ್ರ ಬೇರೆ.

ದೂರು ಪುಸ್ತಕದಲ್ಲಿ ಬರೆದಿದ್ದು ಒಂದೇ ಸಾಲು: 'ಗೇರ್ ತಡವಾಗಿ ಬೀಳುತ್ತದೆ.' ಬೇರೆ ಬೇರೆ ಕೈಬರಹದಲ್ಲಿ, ಬೇರೆ ಬೇರೆ ಪಾಳಿಯಲ್ಲಿ, ಮತ್ತೆ ಮತ್ತೆ ಅದೇ ಸಾಲು. ಈ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ. ನಿಂತ ಗಾಡಿ ನ್ಯೂಟ್ರಲ್‌ನಿಂದ ಗೇರಿಗೆ ಬರುವುದು ತಡವೋ? ಓಡುವಾಗ ಮೇಲಿನ ಗೇರಿಗೆ ಏರುವುದು ತಡವೋ? ಅಥವಾ ಏರಲು ಶುರು ಮಾಡಿ, ನಡುವೆ ಜಾರಿ, ಆಮೇಲೆ ಹಿಡಿಯುತ್ತದೋ? ಈ ಮೂರಕ್ಕೂ ಕಾರಣ ಬೇರೆ ಬೇರೆ. ಮೂರನ್ನೂ ಆಪರೇಟರುಗಳು ಒಂದೇ ಮಾತಿನಲ್ಲಿ ಹೇಳುತ್ತಾರೆ. ಅವರ ತಪ್ಪಲ್ಲ. ಬಿಡಿಸಿ ಕೇಳಬೇಕಾದವರು ನಾವು.

ಹಾಗಾಗಿ ಮೊದಲು ಹೋಗಿದ್ದು ಆಪರೇಟರ್ ಹತ್ತಿರ. ವಯಸ್ಸಾದವರು, ಡಂಪರ್ ಓಡಿಸುತ್ತಲೇ ತಲೆ ಹಣ್ಣಾದವರು. ಅಲ್ಲಿ ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತಾರೆ. 'ಕಾಕಾ, ಏನಾಗ್ತದೆ ಅಂತ ಮೊದಲಿಂದ ಹೇಳ್ರಿ' ಅಂದೆ.

'ಮುಂಜಾನಿ ಗಾಡಿ ಛಲೋ ಇರ್ತದ್ರಿ ಸರ. ಬಿಸಲು ಏರಿತಂದ್ರ ಸುರು. ಲಿವರ್ ಹಾಕ್ದ್ರೂ ಸುಮ್ಮನೆ ನಿಂತಿರ್ತದ. ಆಮ್ಯಾಲ ಧಡ್ ಅಂತ ಹಿಡೀತದ.'

'ಓಡುವಾಗ?'

'ಏರಿನ್ಯಾಗ ಮೂರನೇ ಗೇರ್ ಬೀಳವಲ್ದು. ಉಳಿದ ಗಾಡಿಗೋಳು ನನ್ನ ಮುಂದೇ ಹೋಗ್ತಾವ.'

'ಏರಿನಲ್ಲಿ ಮುಂಜಾನೆ ಸರಿ ಇರ್ತದಾ?'

ಕಾಕಾ ಸ್ವಲ್ಪ ಯೋಚನೆ ಮಾಡಿದರು. 'ಇಲ್ರಿ. ಏರಿನ್ಯಾಗ ಮುಂಜಾನಿನೂ ಹಂಗೇ.'

ಇಲ್ಲಿಗೆ ಒಂದು ದೊಡ್ಡ ವಿಷಯ ಸಿಕ್ಕಿತು. ನಿಂತಲ್ಲಿ ಆಗುವ ತಡ ಬಿಸಿಯಾದ ಮೇಲೆ ಮಾತ್ರ. ಏರಿನಲ್ಲಿ ಆಗುವುದು ದಿನವಿಡೀ. ಒಂದೇ ಕಾರಣ ಇದ್ದಿದ್ದರೆ ಎರಡೂ ಒಂದೇ ಥರ ನಡೆದುಕೊಳ್ಳಬೇಕಿತ್ತು. ಎರಡು ಬೇರೆ ದೋಷಗಳು ಒಂದೇ ಗಾಡಿಯಲ್ಲಿ ಕೂತಿರಬಹುದು ಅಂತ ಅನ್ನಿಸಿತು. ಹೊರಡುವಾಗ ಕಾಕಾ ಇನ್ನೊಂದು ಮಾತು ಸೇರಿಸಿದರು: 'ಏಸಿ ಬಂದ್ ಮಾಡಿದ್ರ ಜರಾ ಛಲೋ ಅನಸ್ತದ್ರಿ.' ಪಕ್ಕದಲ್ಲಿದ್ದ ಹುಡುಗರು ನಕ್ಕರು. ಏಸಿಗೂ ಗೇರಿಗೂ ಏನು ಸಂಬಂಧ ಅಂತ. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ದಿನಕ್ಕೊಂದು ಪಾಳಿ ಅದೇ ಸೀಟಿನಲ್ಲಿ ಕೂರುವವರಿಗೆ ಅನ್ನಿಸುವುದರಲ್ಲಿ ಏನೋ ಇದ್ದೇ ಇರುತ್ತದೆ.

ಮಧ್ಯಾಹ್ನ ಅವರ ಪಕ್ಕದ ಸೀಟಿನಲ್ಲಿ ಕೂತು ಗಣಿಗೆ ಇಳಿದೆ. ಮೇ ತಿಂಗಳು. ಕಲಬುರಗಿಯ ಬಿಸಿಲಿನ ಬಗ್ಗೆ ಹೇಳಬೇಕಿಲ್ಲ, 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಎಕ್ಸ್‌ಕವೇಟರ್ ಕಲ್ಲು ತುಂಬಿತು. ಕಾಕಾ ಬ್ರೇಕ್ ಹಿಡಿದು ಲಿವರ್ ಹಾಕಿದರು. ಏನೂ ಆಗಲಿಲ್ಲ. ಎಂಜಿನ್ ತನ್ನ ಪಾಡಿಗೆ ಗುರುಗುಡುತ್ತಿತ್ತು. ಮೂರು ಸೆಕೆಂಡ್ ಆದ ಮೇಲೆ ಗಾಡಿ ಒಮ್ಮೆ ಎಗರಿ ಗೇರಿಗೆ ಬಂತು. ಚೆನ್ನಾಗಿರುವ ಗಾಡಿಯಲ್ಲಿ ಇದು ಒಂದು ಸೆಕೆಂಡಿನೊಳಗೆ, ಗೊತ್ತೇ ಆಗದ ಹಾಗೆ ಮುಗಿಯುತ್ತದೆ. ಆ ಎಗರು ನನಗೆ ತಡಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. 100 ಟನ್ ಗಾಡಿ, ಹಿಂದೆ ಮುಂದೆ ಜನ ಇರುವ ಜಾಗ. ತಡ ಆಗುತ್ತಿದೆ ಅಂತ ಯಾರಾದರೂ ಆಕ್ಸಲರೇಟರ್ ಒತ್ತಿದರೆ ಏನಾಗುತ್ತದೆ ಅಂತ ಯೋಚಿಸಿ.

ಏರಿನಲ್ಲೂ ಕಾಕಾ ಹೇಳಿದ ಹಾಗೇ ಆಯ್ತು. ಗಣಿಯ ಸಾಗಣೆ ರಸ್ತೆಯ ಏರು ಸಾಮಾನ್ಯವಾಗಿ 16ಕ್ಕೆ 1ಕ್ಕಿಂತ ಕಡಿದಾಗದ ಹಾಗೆ ನೋಡಿಕೊಳ್ಳುತ್ತಾರೆ. ಅಂದರೆ 16 ಮೀಟರ್ ಹೋದಾಗ 1 ಮೀಟರ್ ಏರು. ನೋಡಲು ಸಣ್ಣದು, 100 ಟನ್ನಿಗೆ ದೊಡ್ಡದು. ಬೇರೆ ಡಂಪರುಗಳು ಮೂರನೇ ಗೇರಿಗೆ ಹೋಗುವ ತಿರುವಿನಲ್ಲಿ ನಮ್ಮದು ಎರಡರಲ್ಲೇ ನರಳುತ್ತಿತ್ತು. ಆದರೆ ಮೇಲೆ ಸಮತಟ್ಟಾದ ಜಾಗಕ್ಕೆ ಬಂದ ಕೂಡಲೇ ಮೂರು, ನಾಲ್ಕು ಅಂತ ನುಣ್ಣಗೆ ಏರಿತು. ಜಾರುವಿಕೆ ಇಲ್ಲ, ಎಂಜಿನ್ ಸುಮ್ಮನೆ ಕೂಗಿಕೊಳ್ಳುವುದಿಲ್ಲ. ಕ್ಲಚ್ ಸವೆದ ಗೇರ್‌ಬಾಕ್ಸ್ ಹೀಗೆ ನಡೆದುಕೊಳ್ಳುವುದಿಲ್ಲ.

ಇಲ್ಲಿ ಒಳಗಿನ ಕೆಲಸ ಸ್ವಲ್ಪ ಹೇಳಬೇಕು. ಎಂಜಿನ್ ಮತ್ತು ಗೇರುಗಳ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಂಜಿನ್ ಕಡೆಯ ರೆಕ್ಕೆಗಳು ಆಯಿಲನ್ನು ತಳ್ಳುತ್ತವೆ, ಆ ಆಯಿಲ್ ಗೇರ್ ಕಡೆಯ ರೆಕ್ಕೆಗಳನ್ನು, ಅಂದರೆ ಟರ್ಬೈನನ್ನು ತಿರುಗಿಸುತ್ತದೆ. ಗೇರುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಯಾವ ಗೇರ್ ಬೇಕೋ ಅದಕ್ಕೆ ತಕ್ಕ ಕ್ಲಚ್ ಪ್ಯಾಕನ್ನು, ಅಂದರೆ ಕ್ಲಚ್ ಪ್ಲೇಟುಗಳ ಕಟ್ಟನ್ನು, ಆಯಿಲ್ ಒತ್ತಡದಿಂದ ಬಿಗಿ ಹಿಡಿಯಬೇಕು, ಅಷ್ಟೇ. ಆ ಒತ್ತಡ ಕೊಡುವುದು ಒಂದು ಪಂಪ್. ಯಾವ ಕ್ಲಚ್ಚಿಗೆ ಯಾವಾಗ ಆಯಿಲ್ ಬಿಡಬೇಕು ಅಂತ ಲೆಕ್ಕ ಹಾಕುವುದು ಕ್ಯಾಬಿನಲ್ಲಿರುವ ಕಂಟ್ರೋಲರ್. ಅದರ ಮಾತು ಕೇಳಿ ವಾಲ್ವ್ ತೆರೆಯುವುದು ಸೊಲೆನಾಯ್ಡ್, ಅಂದರೆ ಕರೆಂಟ್ ಹರಿದಾಗ ಸರಳನ್ನು ಎಳೆಯುವ ತಾಮ್ರದ ಸುರುಳಿ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ. ಕಂಟ್ರೋಲರ್ ಅಪ್ಪಣೆ ಕೊಡುವುದೇ ತಡವೋ, ಅಥವಾ ಅಪ್ಪಣೆ ಸರಿಯಾದ ಹೊತ್ತಿಗೆ ಬಂದು ಕೆಲಸ ಆಗುವುದು ತಡವೋ? ಇದನ್ನು ಬೇರೆ ಮಾಡದೆ ಮುಂದೆ ಹೋದರೆ ಎಲ್ಲವೂ ಊಹೆ.

ಲ್ಯಾಪ್‌ಟಾಪ್ ಜೋಡಿಸಿದೆ. ತಪ್ಪು ಕಂಡಾಗ ಕಂಟ್ರೋಲರ್ ಬರೆದಿಡುವ ದೋಷದ ಕೋಡ್ ಒಂದೂ ಇರಲಿಲ್ಲ. ಹಳೆಯ ಕೋಡುಗಳ ಪಟ್ಟಿಯೂ ಖಾಲಿ. ವರ್ಷಗಟ್ಟಲೆ ಗಣಿಯಲ್ಲಿ ದುಡಿದ ಗಾಡಿಯಲ್ಲಿ ಪಟ್ಟಿ ಇಷ್ಟು ಶುಭ್ರವಾಗಿ ಇರುವುದಿಲ್ಲ. ನನಗಿಂತ ಮೊದಲು ಬಂದ ಯಾರೋ ಎಲ್ಲ ಅಳಿಸಿ ಹೋಗಿದ್ದರು. ಇದು ನನಗೆ ನಿಜಕ್ಕೂ ಬೇಜಾರು ತರುವ ಅಭ್ಯಾಸ. ಯಾವ ಕೋಡ್ ಎಷ್ಟು ಸಲ ಬಂದಿತ್ತು ಅನ್ನುವುದು ಗಾಡಿ ತಾನೇ ಬರೆದಿಟ್ಟ ಲೆಕ್ಕ. ಅಳಿಸುವ ಮೊದಲು ಒಂದು ಫೋಟೊ ತೆಗೆಯಲು ಎಷ್ಟು ಹೊತ್ತು ಬೇಕು ಹೇಳಿ? ದಯವಿಟ್ಟು ಬರೆದಿಟ್ಟುಕೊಂಡು ಅಳಿಸಿ.

ಕೋಡ್ ಇಲ್ಲದಿದ್ದರೂ ಓಡುತ್ತಿರುವ ಅಂಕಿಗಳು ಸಿಗುತ್ತವೆ. ನಾನು ನೋಡಿದ್ದು ನಾಲ್ಕೇ ಸಾಲು: ಕೇಳಿದ ಗೇರ್, ಬಂದ ಗೇರ್, ಎಂಜಿನ್ ವೇಗ, ಟರ್ಬೈನ್ ವೇಗ. ಕಾಕಾ ಬ್ರೇಕ್ ಹಿಡಿದು ಲಿವರ್ ಹಾಕಿದ ತಕ್ಷಣ ಕೇಳಿದ ಗೇರ್ 1 ಅಂತ ತೋರಿಸಿತು. ಅಪ್ಪಣೆಯಲ್ಲಿ ತಡ ಇಲ್ಲ. ಬಂದ ಗೇರ್ ಮಾತ್ರ ಮೂರು ಸೆಕೆಂಡ್ ನ್ಯೂಟ್ರಲ್ ಅಂತಲೇ ಇತ್ತು.

ನನಗೆ ಹೆಚ್ಚು ತಿಳಿಸಿದ್ದು ಟರ್ಬೈನ್ ವೇಗ. ನ್ಯೂಟ್ರಲ್‌ನಲ್ಲಿ ಟರ್ಬೈನ್ ಹೆಚ್ಚುಕಡಿಮೆ ಎಂಜಿನ್ ವೇಗದಲ್ಲೇ ಸುತ್ತುತ್ತದೆ, ಇಲ್ಲಿ ನಿಮಿಷಕ್ಕೆ 700 ಸುತ್ತಿನ ಆಸುಪಾಸು. ಬ್ರೇಕ್ ಹಿಡಿದಿದ್ದಾಗ ಗೇರ್ ಹಿಡಿದರೆ ಅದು ಸೊನ್ನೆಗೆ ಇಳಿಯಬೇಕು. ಕ್ಲಚ್ ಸವೆದು ಜಾರುತ್ತಿದ್ದರೆ 700, 500, 300 ಅಂತ ಎಳೆದಾಡುತ್ತಾ ಇಳಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. 700ರಲ್ಲೇ ನಿಂತಿದ್ದು, ಒಮ್ಮೆಗೇ ಸೊನ್ನೆಗೆ ಬಿತ್ತು. ಅಂದರೆ ಕ್ಲಚ್ಚಿಗೆ ಆಯಿಲ್ ಹೋಗುವುದೇ ತಡ. ಹೋದ ಮೇಲೆ ಅದು ಗಟ್ಟಿಯಾಗಿ ಹಿಡಿಯುತ್ತಿದೆ. ಆ ಗ್ರಾಫನ್ನು ಫೋರ್‌ಮನ್‌ಗೆ ತೋರಿಸಿದೆ. 'ಕ್ಲಚ್ ಪ್ಲೇಟ್ ಆರ್ಡರ್ ಮಾಡಬೇಡಿ, ಸದ್ಯಕ್ಕೆ ಅದಿಷ್ಟು ನಿಲ್ಲಿಸಿ' ಅಂದೆ.

ಏರಿನ ಕಥೆ ಬೇರೆಯೇ ಇತ್ತು. ಅಲ್ಲಿ ಕಂಟ್ರೋಲರ್ ಮೂರನೇ ಗೇರನ್ನು ಕೇಳುತ್ತಲೇ ಇರಲಿಲ್ಲ. ಆಕ್ಸಲರೇಟರ್ ಪೂರ್ತಿ ಒತ್ತಿದ್ದರೂ ಎಂಜಿನ್ ವೇಗ ಗೇರ್ ಬದಲಿಸುವ ಗೆರೆ ಮುಟ್ಟುತ್ತಿರಲಿಲ್ಲ. ಅದು ಗೇರ್‌ಬಾಕ್ಸಿನ ತಪ್ಪೇ ಅಲ್ಲ ಅಂತ ಆಗಲೇ ಗೊತ್ತಾಯ್ತು. ಅದನ್ನು ಪಕ್ಕಕ್ಕಿಟ್ಟು ಮೊದಲು ನಿಂತಲ್ಲಿನ ತಡದ ಬೆನ್ನು ಹತ್ತಿದೆ, ಅಪಾಯ ಇರುವುದು ಅದರಲ್ಲಿ.

ಆಯಿಲ್ ನೋಡುವುದು ಎಲ್ಲಕ್ಕಿಂತ ಸುಲಭ, ಹಾಗಾಗಿ ಅದನ್ನೇ ಬೇಗ ಮುಗಿಸಿದೆ. ಇದರಲ್ಲೂ ಜನ ಎಡವುವ ಒಂದು ಕಡೆ ಇದೆ. ಬೆಳಿಗ್ಗೆ ತಣ್ಣಗಿದ್ದಾಗ ಡಿಪ್‌ಸ್ಟಿಕ್ ನೋಡಿ ಸರಿ ಇದೆ ಅಂದುಬಿಡುತ್ತಾರೆ. ತಣ್ಣಗಿದ್ದಾಗ ನೋಡುವುದು ಗಾಡಿ ಸ್ಟಾರ್ಟ್ ಮಾಡಬಹುದೇ ಅಂತ ತಿಳಿಯಲು ಮಾತ್ರ. ನಿಜವಾದ ಮಟ್ಟ ಗೊತ್ತಾಗುವುದು ಆಯಿಲ್ 70ರಿಂದ 90 ಡಿಗ್ರಿ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಲರೇಟರ್ ಒತ್ತದೆ, ಓಡುತ್ತಿರುವಾಗ. ಕಡಿಮೆ ಇದ್ದರೆ ಪಂಪ್ ಗಾಳಿ ಎಳೆಯುತ್ತದೆ. ಜಾಸ್ತಿ ಇದ್ದರೂ ತೊಂದರೆಯೇ, ತಿರುಗುವ ಗೇರುಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆ ತುಂಬಿದ ಆಯಿಲ್ ಒತ್ತಡ ಕೊಡುವುದಿಲ್ಲ. ನಮ್ಮ ಗಾಡಿಯಲ್ಲಿ ಮಟ್ಟ ಸರಿ ಇತ್ತು, ನೊರೆ ಇರಲಿಲ್ಲ. ಬಿಳಿ ಕಾಗದದ ಮೇಲೆ ಎರಡು ಹನಿ ಬಿಟ್ಟು ನೋಡಿದೆ. ಕಪ್ಪಾಗಿರಲಿಲ್ಲ, ಸುಟ್ಟ ವಾಸನೆ ಇಲ್ಲ. ಅಯಸ್ಕಾಂತದ ಪ್ಲಗ್ಗಿನಲ್ಲಿ ಎಂದಿನ ನುಣ್ಣನೆಯ ಬೂದು ಪೇಸ್ಟ್ ಮಾತ್ರ. ಚೂರು, ತಗಡು ಏನೂ ಇಲ್ಲ. ಸ್ಟೋರಿಗೆ ಹೋಗಿ ಬ್ಯಾರೆಲ್ ಮೇಲಿನ ಗ್ರೇಡನ್ನೂ ಓದಿಕೊಂಡು ಬಂದೆ. ಸರಿಯಾದದ್ದನ್ನೇ ಹಾಕುತ್ತಿದ್ದರು.

ಮುಂದೆ ಒತ್ತಡ. ಗೇರ್‌ಬಾಕ್ಸಿನ ಮೈಮೇಲೆ ಗೇಜ್ ಜೋಡಿಸಲು ಸಣ್ಣ ಪ್ಲಗ್ಗುಗಳಿರುತ್ತವೆ. ಒಂದು ಗೇಜನ್ನು ಮುಖ್ಯ ಒತ್ತಡಕ್ಕೆ, ಇನ್ನೊಂದನ್ನು ಮೊದಲ ಗೇರಿನ ಕ್ಲಚ್ಚಿಗೆ ಹಾಕಿದೆ. ಉದ್ದ ಪೈಪ್ ಹಾಕಿ ಗೇಜುಗಳನ್ನು ದೂರಕ್ಕೆ ತಂದು ಇಟ್ಟುಕೊಂಡೆ. ಎಂಜಿನ್ ಓಡುತ್ತಿರುವಾಗ ಗಾಡಿಯ ಕೆಳಗೆ ಯಾರೂ ಇರಬಾರದು. ಎತ್ತಿದ ಬಾಡಿಯ ಕೆಳಗೆ ಪ್ಲಗ್ ಬಿಚ್ಚುವಾಗ ಬಾಡಿಗೆ ಪಿನ್ ಹಾಕಿರಲೇಬೇಕು. ಒಂದು ಗಳಿಗೆಯ ಕೆಲಸ ಅಂತ ಪಿನ್ ಬಿಟ್ಟು ಒಳಗೆ ಹೋಗುವವರನ್ನು ಕಂಡರೆ ನನಗೆ ಜೀವ ಹಾರಿದ ಹಾಗಾಗುತ್ತದೆ.

ಆಯಿಲ್ 90 ದಾಟಿ ಬಿಸಿಯಾಗುವವರೆಗೆ ಗಾಡಿ ಓಡಿಸಿ ತಂದು ನೋಡಿದೆವು. ಮುಖ್ಯ ಒತ್ತಡ ಐಡಲ್‌ನಲ್ಲೂ ಗಾಡಿ ತಯಾರಕರ ಪುಸ್ತಕದ ಲೆಕ್ಕದೊಳಗೇ ಇತ್ತು. ಮುಳ್ಳು ನಡುಗುತ್ತಿರಲಿಲ್ಲ. ಮುಳ್ಳು ನಡುಗಿದರೆ ಗಾಳಿ ಸೇರಿದೆ ಅಂತ ಅರ್ಥ. ಅಲ್ಲಿಗೆ ಪಂಪ್, ಸ್ಟ್ರೈನರ್, ಹೀರುವ ಹೋಸ್ ಎಲ್ಲಕ್ಕೂ ಒಳ್ಳೆ ಸರ್ಟಿಫಿಕೇಟ್ ಸಿಕ್ಕ ಹಾಗಾಯ್ತು. ಲಿವರ್ ಹಾಕಿದಾಗ ಕ್ಲಚ್ಚಿನ ಗೇಜು ಕೆಳಗೇ ನಿಂತಿತ್ತು. ಮೂರು ಸೆಕೆಂಡ್ ಆದ ಮೇಲೆ ಸರ್ರನೆ ಮೇಲೇರಿ ಪೂರ್ತಿ ಒತ್ತಡಕ್ಕೆ ಹೋಯ್ತು. ಹೋದದ್ದು ಅಲ್ಲೇ ಗಟ್ಟಿಯಾಗಿ ನಿಂತಿತು. ಕ್ಲಚ್ಚಿನ ಸೀಲ್ ಹರಿದಿದ್ದರೆ ಪೂರ್ತಿ ಏರುವುದೇ ಇಲ್ಲ, ಸೋರುತ್ತಾ ಕೆಳಗೇ ಉಳಿಯುತ್ತದೆ. ಮೇಲಿನ ಟ್ಯಾಂಕಿನಲ್ಲಿ ನೀರು ತುಂಬಿದೆ, ಕೆಳಗಿನ ಕೊಡವೂ ತೂತಿಲ್ಲ, ನಲ್ಲಿ ತಿರುಗುವುದು ಮಾತ್ರ ತಡ. ಪರಿಸ್ಥಿತಿ ಹೀಗಿತ್ತು.

'ಹಾಗಾದ್ರೆ ವಾಲ್ವ್ ಬಾಡಿ ಬಿಚ್ಚೋಣ' ಅಂದರು ಫೋರ್‌ಮನ್. ವಾಲ್ವುಗಳೆಲ್ಲ ಕೂತಿರುವ ಭಾಗ ಅದು. ತಪ್ಪು ಮಾತಲ್ಲ. ವಾಲ್ವ್ ಬಿಗಿಯಾಗಿದ್ದರೂ ಇದೇ ಲಕ್ಷಣ ಬರುತ್ತದೆ. ಆದರೆ ಬಿಗಿಯಾದ ವಾಲ್ವಿಗೆ ಏಸಿ ಹಾಕಿದ್ದೂ ಗೊತ್ತಾಗುವುದಿಲ್ಲ, ಆರಿಸಿದ್ದೂ ಗೊತ್ತಾಗುವುದಿಲ್ಲ. ಕಾಕಾ ಹೇಳಿದ್ದು ನೆನಪಿತ್ತಲ್ಲ. ಬಿಸಿ ಗಾಡಿಯಲ್ಲಿ ಏಸಿ, ಬ್ಲೋವರ್ ಎರಡನ್ನೂ ಆರಿಸಿ ಲಿವರ್ ಹಾಕಿಸಿದೆ. ತಡ ಅರ್ಧಕ್ಕಿಂತ ಕಡಿಮೆ ಆಯ್ತು. ಮತ್ತೆ ಹಾಕಿಸಿದೆ, ಮತ್ತೆ ಮೂರು ಸೆಕೆಂಡ್. ಕ್ಯಾಬಿನ ಕೆಳಗೆ ನಿಂತಿದ್ದ ಹುಡುಗರು ಈಗ ನಗಲಿಲ್ಲ. ಕಾಕಾ ಸೀಟಿನಲ್ಲಿ ಕೂತಲ್ಲೇ ಮೀಸೆ ಸವರಿಕೊಂಡರು.

ಏಸಿ ಎಂಜಿನ್ನಿನ ಮೇಲೂ ಭಾರ ಹಾಕುತ್ತದೆ, ಕರೆಂಟಿನ ಮೇಲೂ ಹಾಕುತ್ತದೆ. ಐಡಲ್ ವೇಗ ಲ್ಯಾಪ್‌ಟಾಪಿನಲ್ಲಿ ಅಲುಗಾಡಿರಲಿಲ್ಲ. ಉಳಿದದ್ದು ಕರೆಂಟ್. ಮಲ್ಟಿಮೀಟರ್ ತೆಗೆದೆ.

ವೋಲ್ಟೇಜ್ ನೋಡುವುದರಲ್ಲೂ ಒಂದು ಕ್ರಮ ಇದೆ. ಎಲ್ಲರೂ ಬ್ಯಾಟರಿಯ ಮೇಲೆ ಮೀಟರ್ ಇಟ್ಟು ಸರಿ ಇದೆ ಅನ್ನುತ್ತಾರೆ. ಬ್ಯಾಟರಿಯಲ್ಲಿ ಇರುವುದು ಕಂಟ್ರೋಲರಿಗೆ ತಲುಪುತ್ತಿದೆಯೇ ಅನ್ನುವುದು ಬೇರೆ ವಿಷಯ. ಅದನ್ನೂ ಎಲ್ಲ ಭಾರ ಹಾಕಿಕೊಂಡೇ ನೋಡಬೇಕು, ಗಾಡಿ ಆರಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಎಂಜಿನ್ ಐಡಲ್, ಏಸಿ, ಬ್ಲೋವರ್, ಲೈಟು ಎಲ್ಲ ಹಾಕಿ ಅಳೆದೆ. ಬ್ಯಾಟರಿಯಲ್ಲಿ 25.6 ವೋಲ್ಟ್. ಕಂಟ್ರೋಲರಿನ ಸ್ವಂತ ಪಿನ್ನುಗಳಲ್ಲಿ 21.3. ನಡುವೆ 4.3 ವೋಲ್ಟ್ ಎಲ್ಲೋ ಕಳೆದುಹೋಗುತ್ತಿತ್ತು. ಪ್ಲಸ್ ದಾರಿಯಲ್ಲಿ ಅಳೆದರೆ 0.3 ಮಾತ್ರ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ತುದಿ ಕಂಟ್ರೋಲರಿನ ಮೈನಸ್ ಪಿನ್ನಿನ ಮೇಲೆ ಇಟ್ಟೆ. ಅಲ್ಲಿ ಹೆಚ್ಚುಕಡಿಮೆ ಏನೂ ಇರಬಾರದು, ಎರಡೂ ಒಂದೇ ಅರ್ಥ್, ಅಂದರೆ ಒಂದೇ ಮೈನಸ್ ದಾರಿ ತಾನೇ. ಮೀಟರ್ 4.0 ತೋರಿಸಿತು.

ಆ ಕ್ಷಣಕ್ಕೆ ನನಗೆ ಆದ ಸಂತೋಷ ದೊಡ್ಡದು. ಬೆಳಗಿನಿಂದ ಹುಡುಕುತ್ತಿದ್ದ ದೋಷ ಒಂದು ಅಂಕಿಯಾಗಿ ಕಣ್ಣೆದುರು ನಿಂತಿತ್ತು.

ಬಿಸಿಯಾದ ಮೇಲೆ ಮಾತ್ರ ಯಾಕೆ ಅನ್ನುವುದಕ್ಕೂ ಈಗ ಉತ್ತರ ಇತ್ತು. ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಒಂದು ಡಿಗ್ರಿಗೆ ಸುಮಾರು 0.39 ಶೇಕಡ. ಸೊಲೆನಾಯ್ಡ್ ಕೂತಿರುವುದು ಗೇರ್‌ಬಾಕ್ಸಿನ ಆಯಿಲಿನಲ್ಲೇ. ಬೆಳಿಗ್ಗೆ 25 ಡಿಗ್ರಿ ಇದ್ದದ್ದು ಮಧ್ಯಾಹ್ನ 95 ಆದರೆ ಸುರುಳಿಯ ರೆಸಿಸ್ಟೆನ್ಸ್ ಶೇಕಡ 27ರಷ್ಟು ಜಾಸ್ತಿ. ಗಾಡಿ ತಯಾರು ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿದೇ ಇರುತ್ತಾರೆ, ವೋಲ್ಟೇಜ್ ಸರಿ ಇದ್ದರೆ ಏನೂ ಆಗುವುದಿಲ್ಲ. ಇಲ್ಲಿ ವೋಲ್ಟೇಜೂ ಇಳಿದಿತ್ತು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಸೊಲೆನಾಯ್ಡಿಗೆ ಸಿಗಬಹುದಾದ ಕರೆಂಟಿನಲ್ಲಿ ಮೂರನೇ ಒಂದು ಪಾಲು ಇಲ್ಲ. ಕಂಟ್ರೋಲರ್ ಕರೆಂಟನ್ನು ಮೆಲ್ಲಗೆ ಏರಿಸುತ್ತಾ ಹೋಗುತ್ತದೆ. ವಾಲ್ವ್ ಸರಿಯಲು ಬೇಕಾದ ಬಲ ಮೊದಲಿನ ಹಂತದಲ್ಲೇ ಸಿಗಬೇಕಿತ್ತು, ಸಿಗುತ್ತಿದ್ದದ್ದು ಕೊನೆಗೆ. ಅಷ್ಟರಲ್ಲಿ ಪೂರ್ತಿ ಒತ್ತಡದ ಹಂತ ಬಂದಿರುತ್ತಿತ್ತು, ಅದಕ್ಕೇ ಆ ಎಗರು. ಐಡಲ್‌ನಲ್ಲಿ ಆಲ್ಟರ್ನೇಟರ್ ಕಡಿಮೆ ಕರೆಂಟ್ ಕೊಡುವುದರಿಂದ ತಡ ಅಲ್ಲೇ ಹೆಚ್ಚು ಕಾಣುತ್ತಿತ್ತು. ಓಡುವಾಗ ಗೇರ್ ಏರುವುದು ನುಣ್ಣಗೆ ಇದ್ದದ್ದೂ ಅದರಿಂದಲೇ. 21 ವೋಲ್ಟಿಗೆ ಕಂಟ್ರೋಲರ್ ದೋಷದ ಕೋಡ್ ಹಾಕುವುದಿಲ್ಲ, ಅದರ ಗೆರೆ ಇನ್ನೂ ಕೆಳಗೆ. ಹಾಗಾಗಿ ಪರದೆಯಲ್ಲಿ ಏನೂ ಕಾಣದೆ ಇಷ್ಟು ದಿನ ಎಲ್ಲರನ್ನೂ ಆಟ ಆಡಿಸಿತ್ತು.

ಕ್ಯಾಬಿನ ಹಿಂದೆ, ಕೆಳಗೆ, ಕ್ಯಾಬಿಗೂ ಚಾಸಿಗೂ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ನಡುವೆ ಒಂದು ದಪ್ಪ ಅರ್ಥ್ ಕೇಬಲ್ ಇದೆ. ಹತ್ತಿರ ಕೈ ತಂದಾಗಲೇ ಕಾವು ತಟ್ಟಿತು. ಲಗ್, ಅಂದರೆ ಕೇಬಲ್ ತುದಿಯ ಲೋಹದ ಬಳೆ, ಅದರ ಪಕ್ಕದ ಪ್ಲಾಸ್ಟಿಕ್ ಬೆಂದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಗಾಡಿ ಆರಿಸಿ, ಬ್ಯಾಟರಿ ಬಿಚ್ಚಿ ಬೋಲ್ಟ್ ತೆಗೆದೆವು. ಚಾಸಿ ಕಡೆಯ ಲಗ್ ಪೇಂಟಿನ ಮೇಲೆ ಕೂತಿತ್ತು. ಕಚ್ಚಿ ಹಿಡಿಯಬೇಕಾದ ಹಲ್ಲಿನ ವಾಷರ್ ಇರಲೇ ಇಲ್ಲ. ಪೇಂಟಿನ ಅಂಚಿನಿಂದ ತುಕ್ಕು ಒಳಗೆ ಹೋಗಿತ್ತು. ಲೋಹಕ್ಕೆ ಲೋಹ ತಾಗುತ್ತಿದ್ದದ್ದು ಬೋಲ್ಟಿನ ಥ್ರೆಡ್ಡುಗಳಲ್ಲಿ ಮಾತ್ರ.

ಹೇಗಾಯ್ತು ಅಂತ ಗಾಡಿಯ ರಿಪೇರಿ ಪುಸ್ತಕ ತಿರುವಿದರೆ ತಿಳಿಯಿತು. ದೂರು ಶುರುವಾಗುವ ಸ್ವಲ್ಪ ಮುಂಚೆ ಬಾಡಿ ಬಿರುಕಿಗೆ ವೆಲ್ಡಿಂಗ್ ಮಾಡಿಸಿದ್ದರು. ಹೊರಗಿನಿಂದ ಬಂದ ವೆಲ್ಡರ್, ತನ್ನ ಕ್ಲ್ಯಾಂಪ್ ಹಾಕಲು ಒಳ್ಳೆ ಬೋಲ್ಟ್ ಸಿಕ್ಕಿತು ಅಂತ ಅರ್ಥ್ ಕೇಬಲ್ ಬಿಚ್ಚಿ ಪಕ್ಕಕ್ಕಿಟ್ಟಿದ್ದಾನೆ. ಕೆಲಸ ಮುಗಿದ ಮೇಲೆ ಸುತ್ತ ಪೇಂಟ್ ಹೊಡೆದು, ಒಣಗಿದ ಮೇಲೆ ಕೇಬಲ್ ಮತ್ತೆ ಹಾಕಿದ್ದಾನೆ. ಅವನನ್ನು ಬೈಯುವುದರಲ್ಲಿ ಅರ್ಥ ಇಲ್ಲ. ಆ ಬೋಲ್ಟ್ ಯಾವುದು, ಅದರ ಕೆಲಸ ಏನು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಬಿಚ್ಚಬೇಕು, ಕಂಟ್ರೋಲರುಗಳ ಕನೆಕ್ಟರ್ ತೆಗೆಯಬೇಕು, ವೆಲ್ಡಿಂಗ್ ಅರ್ಥನ್ನು ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಕೊಡಬೇಕು. ಇದನ್ನು ನಿಂತು ನೋಡಿಕೊಳ್ಳುವುದು ವರ್ಕ್‌ಶಾಪಿನ ಕೆಲಸ.

ದುರಸ್ತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಾಸಿಯ ಆ ಜಾಗವನ್ನು ಹೊಳೆಯುವವರೆಗೆ ಎಮರಿ ಹಾಕಿ ಉಜ್ಜಿದೆವು. ಬೆಂದ ಕೇಬಲ್ ಕಿತ್ತು ಹಾಕಿ, ಹೊಸ ಕೇಬಲ್ಲಿಗೆ ಲಗ್ ಒತ್ತಿ, ಹಲ್ಲಿನ ವಾಷರ್ ಹಾಕಿ ಬಿಗಿದೆವು. ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಜೆಲ್ಲಿ, ಪೇಂಟ್ ಏನೇ ಇದ್ದರೂ ಬಿಗಿದ ಮೇಲೆ, ಮೊದಲು ಅಲ್ಲ. ಎಲ್ಲ ಭಾರ ಹಾಕಿ ಮತ್ತೆ ಅಳೆದಾಗ ಮೈನಸ್ ಕಡೆ 0.1 ವೋಲ್ಟ್. ಗಾಡಿಯನ್ನು ಪೂರ್ತಿ ಬಿಸಿ ಮಾಡಿ, ಏಸಿ ಹಾಕಿ, ಲಿವರ್ ಹಾಕಿಸಿದೆ. ಗೇಜಿನ ಮುಳ್ಳು ಲಿವರಿನ ಜೊತೆಗೇ ಎದ್ದಿತು. ಎಗರು ಇಲ್ಲ.

ಕಾಕಾ ಮೇಲಿನಿಂದ ಕೂಗಿದರು, 'ಹಿಡೀತೇನ್ರಿ? ನನಗ ಗೊತ್ತೇ ಆಗ್ಲಿಲ್ಲ!'

ಇನ್ನು ಏರಿನ ದೋಷ. ಇದಕ್ಕೆ ಸ್ಟಾಲ್ ಟೆಸ್ಟ್ ಅಂತ ಒಂದು ಪರೀಕ್ಷೆ ಇದೆ. ಗಾಡಿಯ ಮುಂದೆ ಹಿಂದೆ ಯಾರೂ ಇಲ್ಲದ ಜಾಗದಲ್ಲಿ, ಚಕ್ರಕ್ಕೆ ಅಡ್ಡ ಇಟ್ಟು, ಬ್ರೇಕ್ ಗಟ್ಟಿಯಾಗಿ ಹಿಡಿದು, ಗೇರ್ ಹಾಕಿ ಆಕ್ಸಲರೇಟರ್ ಪೂರ್ತಿ ಒತ್ತುವುದು. ಟರ್ಬೈನ್ ನಿಂತಿರುತ್ತದೆ, ಎಂಜಿನ್ ಆಯಿಲಿನ ವಿರುದ್ಧ ತಿಣುಕುತ್ತದೆ. ಎಷ್ಟು ವೇಗಕ್ಕೆ ಏರಿ ನಿಲ್ಲುತ್ತದೆ ಅನ್ನುವುದನ್ನು ಪುಸ್ತಕದ ಜೊತೆ ಹೋಲಿಸುವುದು. ಜಾಸ್ತಿ ಏರಿದರೆ ಕ್ಲಚ್ ಜಾರುತ್ತಿದೆ. ಕಡಿಮೆ ಏರಿದರೆ ಎಂಜಿನ್ನಿನಲ್ಲೇ ಶಕ್ತಿ ಇಲ್ಲ. ಆಯಿಲ್ ಬೇಗ ಕಾಯುತ್ತದೆ, ಹಾಗಾಗಿ ಅಂಕಿ ನೋಡಿದ ಕೂಡಲೇ ಕಾಲು ತೆಗೆದು, ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ತಣಿಸಬೇಕು. ನಮ್ಮದು ಪುಸ್ತಕಕ್ಕಿಂತ 180 ಆರ್‌ಪಿಎಂ ಕಡಿಮೆ ಬಂತು. ಎತ್ತರದ ಜಾಗದಲ್ಲಿ ಗಾಳಿ ತೆಳುವಾಗಿ ಹೀಗಾಗುವುದುಂಟು. ಆದರೆ ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲೆ ಮಾತ್ರ, ಆ ನೆಪ ಇಲ್ಲಿ ನಡೆಯುವುದಿಲ್ಲ.

ಡೀಸೆಲ್ ಫಿಲ್ಟರ್ ಹೊಸದು. ಏರ್ ಫಿಲ್ಟರ್ ಡಬ್ಬಿ ತೆಗೆಸಿದೆ. ಹೊರಗಿನ ಎಲಿಮೆಂಟ್ ಹೊಸದೇ ಇತ್ತು, ಅದನ್ನು ಸರಿಯಾಗಿ ಬದಲಿಸುತ್ತಿದ್ದರು. ಅದರೊಳಗೆ ಇನ್ನೊಂದು ಸಣ್ಣ ಎಲಿಮೆಂಟ್ ಇರುತ್ತದೆ, ಹೊರಗಿನದು ಹರಿದರೂ ಧೂಳು ಎಂಜಿನ್ ಸೇರದಿರಲಿ ಅಂತ. ಹೊರಗಿನದನ್ನು ಮೂರು ಸಲ ಬದಲಿಸಿದಾಗ ಇದನ್ನೊಮ್ಮೆ ಬದಲಿಸುವುದು ವಾಡಿಕೆ. ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ. ಅದನ್ನು ಯಾರೂ ಮುಟ್ಟಿರಲಿಲ್ಲ. ಸಿಮೆಂಟಿನಲ್ಲಿ ಅದ್ದಿದ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಫಿಲ್ಟರ್ ಕಟ್ಟಿದರೆ ಕೆಂಪು ತೋರಿಸಬೇಕಾದ ಇಂಡಿಕೇಟರ್ ಹಸಿರಾಗಿಯೇ ಇತ್ತು, ಅದಕ್ಕೆ ಹೋಗುವ ಸಣ್ಣ ಕೊಳವೆಯ ತುಂಬ ಧೂಳು. ಎರಡನ್ನೂ ಸರಿಮಾಡಿ ಮತ್ತೆ ಸ್ಟಾಲ್ ನೋಡಿದಾಗ ಅಂಕಿ ಪುಸ್ತಕದ ಮಿತಿಯೊಳಗೆ ಬಂತು. ತುಂಬಿದ ಗಾಡಿ ಆ ತಿರುವಿನಲ್ಲೇ ಮೂರನೇ ಗೇರಿಗೆ ಹೋಯ್ತು.

ಇಂಥ ಗೇರ್‌ಬಾಕ್ಸುಗಳಲ್ಲಿ ಇನ್ನೊಂದು ವಿಷಯ ಇದೆ. ಕಂಟ್ರೋಲರ್ ಪ್ರತಿ ಸಲ ಗೇರ್ ಬಿದ್ದಾಗಲೂ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ, ಮುಂದಿನ ಸಲಕ್ಕೆ ಆಯಿಲ್ ಬಿಡುವ ಲೆಕ್ಕ ತಿದ್ದಿಕೊಳ್ಳುತ್ತದೆ. ದೋಷ ಇದ್ದ ದಿನಗಳಲ್ಲಿ ಅದು ತಪ್ಪು ಲೆಕ್ಕ ಕಲಿತಿರುತ್ತದೆ. ಆ ಕಲಿಕೆಯನ್ನು ಲ್ಯಾಪ್‌ಟಾಪಿನಿಂದ ಅಳಿಸಿ, ಖಾಲಿ ಗಾಡಿಯಲ್ಲಿ, ತುಂಬಿದ ಗಾಡಿಯಲ್ಲಿ, ಆಕ್ಸಲರೇಟರ್ ಕಡಿಮೆ ಒತ್ತಿ, ಜಾಸ್ತಿ ಒತ್ತಿ, ಎಲ್ಲ ಥರ ಓಡಿಸಲು ಕಾಕಾಗೆ ಹೇಳಿದೆ. ಮೊದಲಲ್ಲಿ ಗೇರುಗಳು ಸ್ವಲ್ಪ ಒರಟಾಗಿ ಬಿದ್ದವು, ಪಾಳಿ ಮುಗಿಯುವಷ್ಟರಲ್ಲಿ ಹದಕ್ಕೆ ಬಂದವು. ಇದನ್ನು ಮೊದಲೇ ಹೇಳದಿದ್ದರೆ, ರಿಪೇರಿ ಆದ ಮೇಲೂ ಜರ್ಕ್ ಇದೆ ಅಂತ ಗಾಡಿ ವಾಪಸ್ ಶೆಡ್ಡಿಗೆ ಬರುತ್ತದೆ.

ಕ್ರೇನ್ ಬೇಡ ಅಂತ ಫೋನ್ ಮಾಡಿದ್ದು ಫೋರ್‌ಮನ್ನೇ. ಆಮೇಲೆ ಅವರೇ ಮೀಟರ್ ಹಿಡಿದು ಉಳಿದ ಡಂಪರುಗಳ ಹತ್ತಿರ ಹೋದರು. ಅದೇ ವೆಲ್ಡರ್ ಕೆಲಸ ಮಾಡಿದ್ದ ಇನ್ನೊಂದು ಗಾಡಿಯಲ್ಲಿ ಮೈನಸ್ ಕಡೆ 1.2 ವೋಲ್ಟ್ ಸಿಕ್ಕಿತು. ಆ ಗಾಡಿಯ ಬಗ್ಗೆ ಇನ್ನೂ ಯಾರೂ ದೂರು ಬರೆದಿರಲಿಲ್ಲ. ಅದರ ಕೇಬಲ್ಲೂ ಅವತ್ತೇ ಹೊಸದಾಯ್ತು. ಪ್ರತಿ ಗಾಡಿಯ ಆ ಬೋಲ್ಟಿನ ಸುತ್ತ ಹಳದಿ ಪೇಂಟಿನಲ್ಲಿ ಗುರುತು ಹಾಕಿಸಿದರು. ಸರ್ವಿಸ್ ಪಟ್ಟಿಯಲ್ಲಿ ಅರ್ಥ್ ವೋಲ್ಟೇಜ್ ಅಂತ ಒಂದು ಕಾಲಂ, ಒಳಗಿನ ಏರ್ ಫಿಲ್ಟರ್ ಅಂತ ಇನ್ನೊಂದು ಕಾಲಂ ಸೇರಿತು. ದೂರು ಬರೆಯುವ ಪುಸ್ತಕದಲ್ಲಿ ನಾನು ಒಂದು ಹಾಳೆ ಅಂಟಿಸಿ ಬಂದೆ: ತಡ ನಿಂತಲ್ಲೋ, ಓಡುವಾಗಲೋ, ಏರಿನಲ್ಲೋ, ಗಾಡಿ ತಣ್ಣಗಿತ್ತೋ, ಬಿಸಿಯಾಗಿತ್ತೋ, ಏಸಿ ಹಾಕಿತ್ತೋ, ಇಲ್ಲವೋ. ಬಾಕಿ ಜಾಗ ಆಪರೇಟರ್ ತನಗೆ ಅನ್ನಿಸಿದ್ದನ್ನು ಬರೆಯಲಿಕ್ಕೆ.